ಜೀಪಿನ ನೆತ್ತಿಯ ಡೇರೆ

“ಲೋಡ್ ಏನು?”

ಯಶವಂತಪುರದ ಮಾರ್ಕೆಟ್ ಯಾರ್ಡಿನ ಮಗ್ಗುಲಲ್ಲಿದ್ದ ಆ ಟಾರ್ಪಾಲು ಅಂಗಡಿಗೆ ಯಾರೇ ಬಂದರೂ ಮೊದಲು ಬೀಳುವ ಪ್ರಶ್ನೆ ಅದು. ಲಾರಿಗೆ ತುಂಬುವುದು ಆಲೂಗಡ್ಡೆಯೋ ಮೆಣಸಿನಕಾಯಿಯೋ ಗೊತ್ತಾದರೆ ತಾನೆ, ಬಟ್ಟೆ ಎಷ್ಟು ದಪ್ಪ, ಹಗ್ಗ ಎಷ್ಟು ಬಿಗಿ ಎಂದು ಹೇಳಲಾಗುವುದು. ವಾಜಿದ್ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆಯೇ ಕೇಳಿದ್ದ.

“ನಾನೇ,” ಎಂದಳು ಬೈರಮ್ಮ.

ಮಿಷನ್ನು ನಿಂತಿತು. ಅವನು ಮೊದಲು ಅವಳ ಧೂಳು ಮೆತ್ತಿದ ಚಪ್ಪಲಿ ನೋಡಿದ, ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಸೆರಗು, ಆಮೇಲೆ ಮುಖ. ಮುಖದ ಮೇಲೆ ಅವನ ಕಣ್ಣು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಅವನ ರೆಪ್ಪೆಗಳ ಮೇಲೆ ಕ್ಯಾನ್ವಾಸಿನ ಪುಡಿ ಕೂತು ಅಕಾಲದಲ್ಲಿ ನರೆತಂತೆ ಕಾಣುತ್ತಿತ್ತು. ಇಷ್ಟುದ್ದ ರೆಪ್ಪೆ ಈ ಗಂಡಸಿಗೆ ಯಾಕೆ ಬೇಕಿತ್ತು ಎಂದುಕೊಂಡ ಬೈರಮ್ಮ, ಅಂದುಕೊಂಡದ್ದಕ್ಕೆ ತನ್ನ ಮೇಲೆ ತಾನೇ ಸಿಡುಕಿಕೊಂಡಳು.

“ನನ್ನ ಜೀಪಿನ ನೆತ್ತಿ ಮೇಲೆ ಡೇರೆ ಆಗ್ಬೇಕು. ಅದ್ರೊಳಗೆ ನಾನು ಮಲಗ್ಬೇಕು. ಹೊಲಿತೀರಾ, ಇಲ್ಲ ಬೇರೆ ಕಡೆ ನೋಡ್ಲಾ?”

“ಬೇರೆ ಕಡೆ ಯಾಕೆ ನೋಡ್ತೀರಾ? ಈ ಕಡೆ ಏನು ನೋಡ್ಬಾರದಂಗಿದೆಯಾ?”

ಒಳಗೆ ಹಗ್ಗ ಸುತ್ತುತ್ತಿದ್ದ ಅವನ ತಂದೆ ಗುಲಾಮ್ ರಸೂಲ್ ಕೆಮ್ಮಿದರು. ಅಂಗಡಿ ಅವರದು, ಮಗ ಅವರದು, ಮಗನ ನಾಲಿಗೆ ಮಾತ್ರ ಯಾರ ಮಾತೂ ಕೇಳುವುದಿಲ್ಲ ಎಂಬ ಕೆಮ್ಮು ಅದು. ಮುದುಕರು ಎದ್ದು ಬಂದು, ನೆಲದ ಮೇಲೆ ಹೂಡುವ ಗಟ್ಟಿ ಡೇರೆ ಸಿದ್ಧವಾಗಿಯೇ ಇದೆ, ಜೀಪಿನ ಮೇಲೆ ಹತ್ತಿ ಮಲಗುವ ಸರ್ಕಸ್ಸು ಯಾಕೆ ಬೇಟಿ ಎಂದು ಕೇಳಿದರು.

“ನೆಲ ಎಲ್ಲಾ ಯಾರ್ದೋ ಆಗೋಗಿದೆ ಸಾಹೇಬ್ರೇ,” ಎಂದಳು ಬೈರಮ್ಮ.

ಸುಮ್ಮನೆ ಆಡಿದ ಮಾತಾಗಿರಲಿಲ್ಲ ಅದು.

ಬೈರಮ್ಮ ಕೆಂಪಾಪುರದ ಕಾಲೋನಿಯವಳು. ಅಪ್ಪ ಪಿಳ್ಳಣ್ಣ ಹೆಬ್ಬಾಳದ ವೆಟರ್ನರಿ ಕಾಲೇಜಿನ ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಮುದುಕನಾದವನು. ಅದೇ ಕಾಲೇಜಿನ ಕ್ಲಾಸ್‌ರೂಮಿನಲ್ಲಿ ಕೂತು ಮಗಳು ಡಾಕ್ಟರಾದಳು. ಬೈರಮ್ಮ ಅನ್ನೋ ಹೆಸರು ಡಾಕ್ಟರಿಗೆ ಒಪ್ಪಲ್ಲ, ಭಾರ್ಗವಿ ಅಂತ ಇಟ್ಟುಕೊಳ್ಳೇ ಎಂದು ಗೆಳತಿಯರು ಬುದ್ಧಿ ಹೇಳಿದ್ದರು. ಮಿಲಿಟರಿಯವರ ಹರಾಜಿನಲ್ಲಿ ಹಳೇ ಜೀಪು ಕೊಂಡ ದಿನ ಅದರ ಬಾಗಿಲ ಮೇಲೆ ‘ಡಾ. ಬೈರಮ್ಮ’ ಎಂದು ಗೇಣುದ್ದದ ಅಕ್ಷರದಲ್ಲಿ ಬರೆಸಿದಳು. ಓದಲು ಬಾರದವರಿಗೂ ಕಾಣಲಿ ಎಂದು ಕೆಂಪು ಬಣ್ಣದಲ್ಲಿ.

ಕುರಿಗಾರರ ಸಂಘವೊಂದು ಅವಳನ್ನು ಕೆಲಸಕ್ಕಿಟ್ಟುಕೊಂಡಿತ್ತು. ದೀಪಾವಳಿ ಕಳೆದ ಮೇಲೆ ಮಂದೆಗಳು ಮೇವು ಹುಡುಕಿ ಮಧುಗಿರಿ, ಪಾವಗಡದ ಕಡೆ ಹೊರಡುತ್ತವೆ. ಸಂಜೆಗೊಂದು ಹೊಲ, ಹೊಲಕ್ಕೊಬ್ಬ ಯಜಮಾನ. ಗೊಬ್ಬರದ ಆಸೆಗೆ ಅವರೇ ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕಳೆದ ವರ್ಷ ಮಧುಗಿರಿಯ ಆಚೆಯ ಒಂದೂರಲ್ಲಿ ಬೈರಮ್ಮ ಮಂದೆಯ ಪಕ್ಕ ಗೂಟ ಹೊಡೆಯುತ್ತಿದ್ದಾಗ ಹೊಲದ ಯಜಮಾನ ಬಂದು ಯಾವ ಊರು, ಯಾವ ಕೇರಿ ಎಂದು ವಿಚಾರಿಸಿದ. ಅವಳು ಹೇಳಿದಳು. ಅವನು ಗೂಟ ಕೀಳಿಸಿದ. ಕುರಿಯ ಹಿಕ್ಕೆ ಬೇಕಿತ್ತು ಅವನಿಗೆ, ಅವಳ ಹಾಸಿಗೆ ಬೇಡವಾಗಿತ್ತು. ಅವಳು ದೂರದ ಪೇಟೆಯ ಲಾಡ್ಜಿಗೆ ಹೋಗಿ ಬೆಳಿಗ್ಗೆ ತಿರುಗಿ ಬರುವಷ್ಟರಲ್ಲಿ, ಮರಿ ಅಡ್ಡವಾಗಿದ್ದ ಕುರಿಯೊಂದು ಮರಿಯ ಸಮೇತ ಸತ್ತುಬಿದ್ದಿತ್ತು.

ಸಂಘದ ಅಧ್ಯಕ್ಷ ಮುನಿವೆಂಕಟಯ್ಯ ಬೈಯಲಿಲ್ಲ. ಮಂದೆ ಎಲ್ಲಿ ಮಲಗುತ್ತದೋ ಡಾಕ್ಟರು ಅಲ್ಲೇ ಮಲಗಬೇಕು, ಆಗದಿದ್ದರೆ ಈ ಸಲ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಷ್ಟೇ ಅಂದ. ಅವನ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ಅದು ಹೆಚ್ಚು ಚುಚ್ಚಿತು. ಸಾಯುತ್ತಿರುವ ಕುರಿಗೆ ಊರಿನವರ ಮಡಿಯ ಕಥೆ ಹೇಳಿ ಏನು ಪ್ರಯೋಜನ?

ಹೆಬ್ಬಾಳದ ಕೆರೆ ಏರಿಯ ಮೇಲೆ ಒಮ್ಮೆ ಫಾರಿನ್ನಿನ ಗಂಡಹೆಂಡಿರ ವ್ಯಾನು ನಿಂತಿದ್ದನ್ನು ಅವಳು ಕಂಡಿದ್ದಳು. ವ್ಯಾನಿನ ತಲೆಯ ಮೇಲೆ ಡೇರೆ. ಇಷ್ಟೆ! ರಸ್ತೆ ಸರ್ಕಾರದ್ದು, ಜೀಪು ತನ್ನದು, ಅದರ ಮೇಲಿನ ಗಾಳಿಗೆ ಇನ್ನೂ ಯಾರೂ ಪಹಣಿ ಮಾಡಿಸಿಲ್ಲ.

ಇದನ್ನೆಲ್ಲ ಅವಳು ಅಂಗಡಿಯ ಮುಂದೆ ನಿಂತೇ ಹೇಳಿ ಮುಗಿಸಿದಾಗ ಗುಲಾಮ್ ರಸೂಲ್ ನೆಲ ನೋಡುತ್ತಿದ್ದರು. ವಾಜಿದ್ ಮಾತ್ರ ಅವಳನ್ನೇ ನೋಡುತ್ತಿದ್ದ. ಈ ಸಲ ಆ ನೋಟದಲ್ಲಿ ಚೇಷ್ಟೆ ಇರಲಿಲ್ಲ.

“ಭಾನುವಾರ ಬಂದು ಜೀಪಿನ ಅಳತೆ ತಗೋತೀನಿ ಡಾಕ್ಟ್ರೇ,” ಎಂದ. “ದೀಪಾವಳಿಗೆ ಮುಂಚೆ ನಿಮ್ಮ ಮನೆ ಗೃಹಪ್ರವೇಶ.”

*

ಭಾನುವಾರ ಕೆಂಪಾಪುರಕ್ಕೆ ಬಂದವನು ಮೂರು ತರದ ಬಟ್ಟೆ ತಂದಿದ್ದ: ರೆಕ್ಸಿನ್, ಆಗತಾನೇ ಪೇಟೆಗೆ ಬಂದಿದ್ದ ಮಿರಮಿರ ನೈಲಾನು, ಮೇಣ ಕುಡಿಸಿದ ದಪ್ಪ ಹತ್ತಿ ಕ್ಯಾನ್ವಾಸು. ನೈಲಾನೇ ವಾಸಿ, ಹಗುರ, ನೋಡೋಕೂ ಚಂದ ಎಂದು ಹೊಗಳಿದ.

ಬೈರಮ್ಮ ಹೊಗಳಿಕೆಗೆ ಬಗ್ಗುವವಳಲ್ಲ. ಮೂರು ಬಕೆಟ್ಟುಗಳ ಬಾಯಿಗೆ ಮೂರೂ ಬಟ್ಟೆ ಕಟ್ಟಿ, ಬಿಂದಿಗೆ ಬಿಂದಿಗೆ ನೀರು ಸುರಿದಳು. ಯಾವುದೂ ಸೋರಲಿಲ್ಲ. ಆಮೇಲೆ ಒಂದೊಂದನ್ನೂ ಮುಸುಕು ಹಾಕಿಕೊಂಡು ಬಿಸಿಲಲ್ಲಿ ಕೂತು, ಅವನನ್ನೂ ಕೂರಿಸಿದಳು. ನೈಲಾನಿನ ಕೆಳಗೆ ಇಬ್ಬರೂ ಬೆವೆತು ನೀರಾದರು. ರೆಕ್ಸಿನ್ನಿನ ಕೆಳಗೆ ಉಸಿರೇ ಕಟ್ಟಿತು. ಕ್ಯಾನ್ವಾಸಿನ ಕೆಳಗೆ ಮಾತ್ರ ಮೇಣದ ವಾಸನೆಯ ಜೊತೆ ಗಾಳಿ ಇಷ್ಟಿಷ್ಟೇ ನುಸುಳಿ ಬಂತು. ಹಸಿರು ನೆರಳಿನಲ್ಲಿ ಅವನ ಮುಖ ಕೆರೆಯ ತಳದಲ್ಲಿದ್ದಂತೆ ಕಂಡಿತು. ಹಣೆಯಿಂದ ಇಳಿದ ಬೆವರಿನ ಹನಿಯೊಂದು ಆ ರೆಪ್ಪೆಯ ತುದಿಯಲ್ಲಿ ತೂಗುತ್ತಿತ್ತು. ಅದು ಬೀಳುವವರೆಗೂ ಬೈರಮ್ಮ ಉಸಿರಾಡಲಿಲ್ಲ.

“ಪರೀಕ್ಷೆ ಮುಗೀತಾ, ಇನ್ನೂ ಇದೆಯಾ?” ಮೆಲ್ಲಗೆ ಕೇಳಿದ ಅವನು.

“ಬಟ್ಟೆ ಪಾಸು,” ಎಂದಳು. “ನಿಮ್ಮದು ಇನ್ನೂ ನೋಡ್ಬೇಕು.”

ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಪಿಳ್ಳಣ್ಣ, ಅಂಗಳದ ನಡುವೆ ಮುಸುಕು ಹಾಕಿ ಕೂತ ಎರಡು ಜೀವಗಳನ್ನು ನೋಡಿ, ಡಾಕ್ಟರ ಓದು ಅಂದ್ರೆ ಇಂಗೂ ಇರ್ತದಾ ಎಂದು ಗೊಣಗಿಕೊಂಡ.

ಆಕಾರದ ವಿಚಾರಕ್ಕೆ ಸಣ್ಣ ಜಗಳವೇ ಆಯಿತು. ಪುಸ್ತಕದ ಹಾಗೆ ಮಗ್ಗುಲಿಗೆ ಬಿಚ್ಚಿಕೊಳ್ಳುವ ದೊಡ್ಡ ಡೇರೆ ಮಾಡೋಣ ಎಂದು ಅವನು, ಅದನ್ನು ಬಿಚ್ಚಲು ಕೆಳಗಿನಿಂದ ಇನ್ನೊಬ್ಬರು ಹಿಡಿಯಬೇಕು, ನನಗೆ ಒಬ್ಬಳೇ ಎಬ್ಬಿಸಿ ಒಬ್ಬಳೇ ಮಡಚುವಂಥದ್ದು ಬೇಕು ಎಂದು ಇವಳು. ಇವಳೇ ಗೆದ್ದಳು.

ಜೀಪಿನ ಛಾವಣಿ ಬಟ್ಟೆಯದು, ಭಾರ ತಡೆಯದು. ಹಾಗಾಗಿ ಹಿಂದೆ ಮುಂದೆ ಬಂಪರಿಗೆ ಕಬ್ಬಿಣದ ಪೈಪಿನ ಕಾಲು ಕೊಟ್ಟು, ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಡೇರೆ ಕೂರಿಸುವುದೆಂದು ಆಯಿತು. ಅವನು ಸಂಜೆ ಸಂಜೆ ಬಂದು ಬೋಲ್ಟು ಬಿಗಿದ. ಅವಳು ಸ್ಪ್ಯಾನರ್ ಹಿಡಿದಳು. ಸ್ಪ್ಯಾನರ್ ಕೈ ಬದಲಾಗುವಾಗ ಬೆರಳುಗಳು ತಾಗಿದವು. ಮೊದಮೊದಲು ತಪ್ಪಿ, ಆಮೇಲೆ ತಪ್ಪದೆ.

*

ಡೇರೆ ಕೂರಿಸಿದ ಸಂಜೆ ಬೈರಮ್ಮ ಏಣಿ ಹತ್ತಿ ಒಳಗೆ ಹೋಗಿ ಮಲಗಿದಳು. ಬೆನ್ನ ಕೆಳಗೆ ಹಲಗೆ ಗಟ್ಟಿಯಾಗಿತ್ತು. ಕೈ ಚಾಚಿದರೆ ಎರಡೂ ಕಡೆ ಬಟ್ಟೆ. ಜೀವಮಾನದಲ್ಲಿ ಅವಳಿಗೆಂದೇ ಅಳತೆ ತೆಗೆದು ಮಾಡಿದ ಮೊದಲ ಕೋಣೆ ಇದು. ಎರಡೂ ಅಂಗೈಗಳನ್ನು ಬಟ್ಟೆಗೆ ಒತ್ತಿ ಹಿಡಿದಳು.

ಕೆಳಗೆ ವಾಜಿದ್ ಹುರುಪಿನಲ್ಲಿದ್ದ. ಬಾಗಿಲ ಪರದೆ ಇಳಿಸಿದ. ಹಿತ್ತಾಳೆ ರಿಂಗುಗಳಲ್ಲಿ ಹಗ್ಗ ಸರಸರನೆ ಓಡಿತು. ಲಾರಿಯ ಸುತ್ತ ಹಗ್ಗ ಎಳೆದು ಪಳಗಿದ ಕೈ ಅದು. ಒಂದು ಸುತ್ತು, ಒಂದು ಜಗ್ಗು, ಒಂದು ಗಂಟು. ಕ್ಯಾನ್ವಾಸು ತಮಟೆಯ ಹಾಗೆ ಬಿಗಿಯಿತು. ಇನ್ನು ಒಂದು ಇರುವೆಯೂ ಒಳಗೆ ಬರಲ್ಲ ಎಂದ. ಮೊದಲ ವಾರ ತಾನೂ ಯಾವುದಾದರೂ ಲಾರಿ ಹಿಡಿದು ಹಿಂದೆಯೇ ಬಂದು ಜೀಪಿನ ಕೆಳಗೆ ಮಲಗುತ್ತೇನೆ, ಯಾವ ಯಜಮಾನ ಬರುತ್ತಾನೋ ನೋಡೋಣ ಎಂದ.

ಒಳಗಿನಿಂದ ಅಂಗೈಯೊಂದು ಪರದೆಯನ್ನು ಮೇಲಿಂದ ಕೆಳಗೆ ತಡಕಿತು.

“ಡಾಕ್ಟ್ರೇ?”

“ವಾಜಿದ್,” ಎಂದಿತು ಡೇರೆ. ದನಿ ತಣ್ಣಗಿತ್ತು. “ಗಂಟು ಯಾವ ಕಡೆ ಇದೆ?”

ಅವನು ಕೈಯಲ್ಲಿದ್ದ ಹಗ್ಗದ ತುದಿ ನೋಡಿದ. ರಿಂಗುಗಳೆಲ್ಲ ಹೊರಗೆ. ಹಗ್ಗವೆಲ್ಲ ಹೊರಗೆ. ಇಷ್ಟು ವರ್ಷ ಮುಚ್ಚಿದ ಲೋಡುಗಳಲ್ಲಿ ಯಾವ ಆಲೂಗಡ್ಡೆಯೂ ಒಳಗಿನಿಂದ ಬಾಗಿಲು ತೆಗೆಯಬೇಕೆಂದು ಕೇಳಿರಲಿಲ್ಲ.

ಗಂಟು ಬಿಚ್ಚಿ ಪರದೆ ಎತ್ತಿದ. ಬೈರಮ್ಮ ಏಣಿಯಿಳಿದು ಅವನೆದುರು ನಿಂತಳು. ಕೂಗಾಡಲಿಲ್ಲ.

“ಕೈಗೆ ಅದೇ ರೂಢಿ ಡಾಕ್ಟ್ರೇ. ಬೇಕೂಂತ ಅಲ್ಲ.”

“ಬೇಕೂಂತ ಮಾಡಿದ್ರೆ ಪರವಾಗಿರ್ಲಿಲ್ಲ, ಜಗಳ ಆಡ್ಬಹುದಿತ್ತು. ನಿಮ್ಮ ಕೈ ತಾನಾಗೇ ಮಾಡ್ತಲ್ಲ, ಅದಕ್ಕೇ ಹೆದರಿಕೆ. ಎಲ್ರ ಕೈಗೂ ಅದೇ ರೂಢಿ ಕಣ್ರೀ. ನನ್ನ ಹೊರಗೆ ನಿಲ್ಲಿಸಿದೋರಿಗೂ ಅದೇ, ಒಳಗೆ ಕೂಡಿ ಹಾಕೋರಿಗೂ ಅದೇ. ಗಂಟು ಮಾತ್ರ ಯಾವಾಗ್ಲೂ ಅವ್ರ ಕಡೆ. ಮೇಲೆ ಕಾವಲು ಬೇರೆ ಕಾಯ್ತೀರಾ? ಕಾವಲು ಬೇಕು ಅಂತ ನಾನು ಕೇಳಿದ್ನಾ?”

ಅವನು ಡೇರೆಯನ್ನು ಬಿಚ್ಚಿ, ಮಡಚಿ, ಹೆಗಲ ಮೇಲೆ ಹೊತ್ತು, ಬಳ್ಳಾರಿ ರಸ್ತೆಯ ಕಡೆ ನಡೆದುಬಿಟ್ಟ. ಬರಿಯ ಪೈಪು ಹಲಗೆ ಹೊತ್ತ ಜೀಪು ಅಂಗಳದಲ್ಲಿ ಬೋಳಾಗಿ ನಿಂತಿತು.

ಮಂದೆ ಹೊರಡಲು ಆ ವಾರ ಮಾತ್ರ ಉಳಿದಿತ್ತು. ಹೋದದ್ದು ಡೇರೆಯೋ ಅವನೋ, ಯಾವುದು ಹೆಚ್ಚು ನೋಯುತ್ತಿದೆ ಎಂದು ಬೈರಮ್ಮ ತನ್ನನ್ನೇ ಕೇಳಿಕೊಂಡಳು. ಉತ್ತರ ಸಿಕ್ಕಿದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಆಡಿದ ಮಾತಿನಲ್ಲಿ ಒಂದನ್ನೂ ವಾಪಸು ತೆಗೆದುಕೊಳ್ಳಬೇಕು ಎನಿಸಲಿಲ್ಲ. ಅವನು ಮಾತ್ರ ವಾಪಸು ಬರಲಿ ಎನಿಸಿತು.

*

ಮಾರನೆಯ ದಿನ ಸಂಜೆ ಅವಳೇ ಯಶವಂತಪುರಕ್ಕೆ ಹೋದಳು.

ಅಂಗಡಿಯ ತೊಲೆಯಿಂದ ಡೇರೆ ಜೋಕಾಲಿಯ ಹಾಗೆ ಇಳಿಬಿದ್ದಿತ್ತು. ಗುಲಾಮ್ ರಸೂಲ್ ಅದರ ಕಡೆ ಗಡ್ಡ ಎತ್ತಿ ತೋರಿಸಿದರು. ಬೆಳಿಗ್ಗೆಯಿಂದ ಆ ಚೀಲದೊಳಗೇ ಕೂತಿದ್ದಾನೆ, ಊಟವೂ ಅಲ್ಲೇ, ಗಿರಾಕಿಗಳು ಬಂದರೆ ಒಳಗಿನಿಂದಲೇ ಮಾತು. ನನ್ನ ಮಗನಿಗೆ ಏನು ಮಾಡಿದಿರಿ ಎಂದು ಕೇಳಿದರು. ಮುಖದಲ್ಲಿ ಬೇಸರವಿದ್ದರೂ ಮೀಸೆಯ ಕೆಳಗೆ ನಗುವಿತ್ತು.

ಒಳಗೆ ಲಾಟೀನು ಉರಿಯುತ್ತಿತ್ತು. ಬಟ್ಟೆಯ ಮೇಲೆ ಅವನ ನೆರಳು ಬಗ್ಗಿ ಕೂತಿತ್ತು. ದೊಡ್ಡ ಸೂಜಿಯೊಂದು ಕ್ಯಾನ್ವಾಸು ಚುಚ್ಚಿ ಹೊರಗೆ ಇಣುಕುತ್ತಿತ್ತು, ಮತ್ತೆ ಒಳಕ್ಕೆ ಹೋಗುತ್ತಿತ್ತು. ಬೈರಮ್ಮ ಹತ್ತಿರ ಹೋಗಿ ನಿಂತಳು. ಸೂಜಿ ಮತ್ತೆ ಹೊರಗೆ ಬಂದಾಗ ಅದರ ಮೊನೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು.

ಒಳಗಿನಿಂದ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ.

“ಯಾರು?”

“ಲೋಡು,” ಎಂದಳು.

ನೆರಳು ತಲೆಯೆತ್ತಿತು.

“ಒಳಗೆ ಕೂತು ನೋಡೋವರೆಗೂ ಗೊತ್ತಿರ್ಲಿಲ್ಲ ಡಾಕ್ಟ್ರೇ. ಹೊರಗಿಂದ ಹಗ್ಗ ಬಿಗಿಯೋ ಸದ್ದು ಒಳಗೆ ಎಂಗೆ ಕೇಳ್ಸುತ್ತೆ ಅಂತ. ನಮ್ಮ ಅಬ್ಬಾ ಕೈಲಿ ಕಟ್ಟಿಸ್ಕೊಂಡೆ. ಎದೆ ಹೊಡ್ಕೊಂಡ್ಬಿಡ್ತು.” ಅವನು ಸೂಜಿ ಎಳೆಯುವುದನ್ನು ಬಿಟ್ಟ. “ಎಲ್ಲಾ ಬಿಚ್ಚಿದೀನಿ. ರಿಂಗು ಒಳಗಡೆ, ಗಂಟು ನಿಮ್ಮ ಕೈಗೆ ಸಿಗೋ ಕಡೆ. ಮಲಗಿದ್ದಂಗೇ ಮಂದೆ ಕಾಣ್ಲಿ ಅಂತ ಒಂದು ಕಿಟಕಿ ಇಟ್ಟಿದೀನಿ. ಇನ್ನೊಂದ್ ಮಾತು.”

“ಹೇಳಿ.”

“ಕಾವಲಿಗೆ ಬರ್ತೀನಿ ಅಂದಿದ್ದು ಸುಳ್ಳು. ನಿಮ್ಮ ಹತ್ರ ಇರೋಕೆ ನೆಪ ಬೇಕಿತ್ತು.”

“ನೆಪ ಯಾಕೆ? ನೇರ ಕೇಳೋಕೆ ಬಾಯಿಲ್ವಾ? ಮೊದಲನೇ ದಿನ ತುಂಬಾ ಇತ್ತಲ್ಲ.”

“ಕೇಳಿದ್ರೆ?”

“ಕೇಳಿ ನೋಡಿ.”

ಹಿಂದೆ ಹಗ್ಗ ಸುತ್ತುವ ಸದ್ದು ನಿಂತುಹೋಯಿತು.

“ನನ್ನ ಮದ್ವೆ ಆಗ್ತೀರಾ ಬೈರಮ್ಮ?”

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು. ಯಾರೋ ಬದಲಾಯಿಸು ಎಂದಿದ್ದ ಆ ಹೆಸರು ಬಟ್ಟೆಯ ಆಚೆಯಿಂದ ಬೆಚ್ಚಗೆ ಬಂದು ಅವಳ ಕಿವಿಗೆ ತಾಗಿತು. ಆ ಹೆಸರು ಇಷ್ಟು ಮೃದುವೆಂದು ಅವಳಿಗೇ ಗೊತ್ತಿರಲಿಲ್ಲ.

“ಆಗ್ತೀನಿ,” ಎಂದಳು. “ನಾನು ಬೈರಮ್ಮನಾಗೇ ಇರ್ತೀನಿ, ನೀವು ವಾಜಿದ್ ಆಗೇ ಇರಿ. ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕೋಣ. ದೀಪಾವಳಿಯಿಂದ ಯುಗಾದಿವರೆಗೆ ನಾನು ಮಂದೆ ಜೊತೆ ಇರ್ತೀನಿ, ಈ ವರ್ಷಾನೂ, ಎಲ್ಲಾ ವರ್ಷಾನೂ. ಆಗ ನೋಡ್ಬೇಕು ಅನ್ಸಿದ್ರೆ ಬನ್ನಿ. ಗಂಡನಾಗಿ ಬನ್ನಿ, ಕಾವಲುಗಾರನಾಗಿ ಬರ್ಬೇಡಿ.”

ಗುಲಾಮ್ ರಸೂಲ್ ಎದ್ದು ನಿಂತರು. “ಬೇಟಿ, ನೀನು ಒಳ್ಳೆಯವಳು. ಆದ್ರೆ ಇವನ ಅಮ್ಮಿ ಇದಾಳೆ, ಮೊಹಲ್ಲಾ ಇದೆ. ನಾಳೆ ಕೇಳ್ತಾರಲ್ಲ.”

“ನಮ್ಮ ಕಾಲೋನೀಲೂ ಕೇಳ್ತಾರೆ ಸಾಹೇಬ್ರೇ. ಎಲ್ರೂ ಒಟ್ಟಿಗೇ ಬಂದು ಕೇಳ್ಲಿ, ಇಬ್ರೂ ನಿಂತು ಒಂದೇ ಸಲ ಉತ್ತರ ಹೇಳ್ತೀವಿ.”

ಮುದುಕರು ಒಪ್ಪಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಡೇರೆಯ ಕಡೆ ತಿರುಗಿ, ಬೇಗ ಮುಗಿಸಪ್ಪ, ಗಿರಾಕಿ ಕಾಯ್ತಿದಾರೆ ಎಂದು ಹಗ್ಗದ ಸುರುಳಿ ಕೈಗೆತ್ತಿಕೊಂಡರು.

ಆಗಲೇ ಬೈರಮ್ಮ ಸೂಜಿ ಬಿಟ್ಟದ್ದು.

*

ಮಧುಗಿರಿಯ ಆಚೆಯ ಅದೇ ಊರು, ಅದೇ ಹೊಲ. ಮಂದೆ ಹೊಲದಲ್ಲಿ, ಜೀಪು ರಸ್ತೆಯ ಮೇಲೆ. ಸೂರ್ಯ ಮುಳುಗುವ ಮುನ್ನ ಅವಳು ಒಬ್ಬಳೇ ಡೇರೆ ಎಬ್ಬಿಸಿದಳು. ಯಜಮಾನ ಬಂದೇ ಬಂದ. ಇಲ್ಲಿ ಬಿಡಾರ ಹೂಡಲು ಯಾರು ಹೇಳಿದ್ದು ಎಂದು ಕೇಳಿದ.

“ನಿಮ್ಮ ಹೊಲಕ್ಕೆ ಕಾಲಿಟ್ಟಿಲ್ಲ ಯಜಮಾನ್ರೇ,” ಎಂದಳು ಬೈರಮ್ಮ ಕಿಟಕಿಯಿಂದ. “ಇದು ಸರ್ಕಾರಿ ರಸ್ತೆ. ತೆರವು ಮಾಡಿಸ್ಬೇಕು ಅಂದ್ರೆ ಬೆಂಗಳೂರಿಗೆ ಅರ್ಜಿ ಹಾಕಿ.”

ಅವನಿಗೆ ಬೈಯಲು ಜಾತಿ ಗೊತ್ತಿತ್ತು, ಕೀಳಿಸಲು ಗೂಟ ಮಾತ್ರ ಸಿಗಲಿಲ್ಲ. ಒಂದಷ್ಟು ಹೊತ್ತು ರಸ್ತೆಯಲ್ಲೇ ನಿಂತಿದ್ದು ಹೊರಟುಹೋದ.

ನಸುಕಿನಲ್ಲಿ ಮುನಿವೆಂಕಟಯ್ಯ ಏಣಿಯ ಬುಡಕ್ಕೆ ಓಡಿ ಬಂದ. ಕುರಿಯೊಂದು ನೋವು ತಿನ್ನುತ್ತಾ ಮಲಗಿತ್ತು, ಮರಿ ಹೊರಗೆ ಬರುತ್ತಿರಲಿಲ್ಲ. ಅವನು ಎರಡನೇ ಸಲ ಕೂಗುವ ಮೊದಲೇ ಬೈರಮ್ಮ ಕೆಳಗಿದ್ದಳು. ಮಣ್ಣಿನಲ್ಲಿ ಮಂಡಿಯೂರಿ, ಕೈಗೆ ಎಣ್ಣೆ ಸವರಿ, ಅಡ್ಡಲಾಗಿದ್ದ ಮರಿಯನ್ನು ಒಳಗೇ ತಿರುಗಿಸಿದಳು. ಒಂದು ಬಂತು. ಅದರ ಹಿಂದೆಯೇ ಇನ್ನೊಂದು. ಕುರಿ ತಲೆಯೆತ್ತಿ ಮರಿಗಳನ್ನು ನೆಕ್ಕತೊಡಗಿತು.

ಮುನಿವೆಂಕಟಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. “ಮುಂದಿನ ವರ್ಸಕ್ಕೂ ನೀನೇ ಕಣವ್ವ,” ಎಂದ. “ಬ್ಯಾರೆ ಮಾತೇ ಇಲ್ಲ.”

ಬಿಸಿಲು ಮೂಡುವ ಹೊತ್ತಿಗೆ ಬೆಂಗಳೂರಿನ ಕಡೆಯಿಂದ ಬಂದ ಲಾರಿಯೊಂದು ಜೀಪಿನ ಹಿಂದೆ ನಿಂತಿತು. ಕ್ಲೀನರ್ ಸೀಟಿನಿಂದ ವಾಜಿದ್ ಇಳಿದ. ರಕ್ತ ಲೋಳೆ ಮೆತ್ತಿದ ಅವಳ ತೋಳು ನೋಡಿ ಗಾಬರಿಯಾದ. ಅವಳು ಒದ್ದೆ ಮರಿಯೊಂದನ್ನು ಅವನ ಎದೆಗೆ ಒಡ್ಡಿದಳು.

“ಹಿಡ್ಕೊಳ್ಳಿ. ಬಿಗಿಯಾಗಿ ಅಲ್ಲ.”

ಹಿಡಿದ. ಮರಿ ಅವನ ಶರ್ಟಿನ ಗುಂಡಿ ಚೀಪಿತು. ಅಮ್ಮಿ ಏನಂದರು ಎಂದು ಅವಳು ಕೇಳಿದಳು. ದನಿ ಗಟ್ಟಿಯಾಗಿಯೇ ಇತ್ತು, ಆದರೂ ಉತ್ತರ ಬರುವವರೆಗೆ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಎಷ್ಟೋ ದಿನ ಮಾತೇ ಆಡ್ಲಿಲ್ಲ. ನಿನ್ನೆ ಕೇಳಿದ್ರು, ನಮ್ಮನೆ ಮೇಕೆ ಕುಂಟ್ತಿದೆಯಲ್ಲ, ಆ ಡಾಕ್ಟರಮ್ಮ ನೋಡ್ತಾಳಾ ಅಂತ.”

ಬೈರಮ್ಮ ನಕ್ಕಳು. ಅಷ್ಟು ತುಂಬಿದ ನಗುವನ್ನು ಆ ಹೊಲದ ಪಕ್ಕದಲ್ಲಿ ಯಾರೂ ಕೇಳಿರಲಿಲ್ಲ. ಕುರಿಗಾರರು ತಿರುಗಿ ನೋಡಿದರು. ಅವಳು ಕೈ ತೊಳೆದು ಬಂದು, ಎರಡು ಲೋಟ ಟೀ ಹಿಡಿದು, ಮರಿಯನ್ನು ತಾಯಿಯ ಹತ್ತಿರ ಬಿಟ್ಟು ಬನ್ನಿ ಎಂದು ಹೇಳಿ ಏಣಿ ಹತ್ತಿದಳು. ಅವನು ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ.

“ನಾನೂ ಬರ್ಲಾ?”

“ಬಾ,” ಎಂದಳು. ಬನ್ನಿ ಅಲ್ಲ. ಅದು ಇಬ್ಬರಿಗೂ ಕೇಳಿಸಿತು.

ಡೇರೆಯ ಬಾಯಲ್ಲಿ, ಹಲಗೆಯ ಅಂಚಿಗೆ ಕಾಲು ಇಳಿಬಿಟ್ಟು, ಭುಜಕ್ಕೆ ಭುಜ ತಾಗಿಸಿ ಅವರು ಟೀ ಕುಡಿದರು. ಹೊಲದ ಯಜಮಾನ ಮತ್ತೆ ಬಂದ. ಅವನ ಹಿಂದೆ ಊರಿನ ನಾಲ್ಕಾರು ಜನ ಬಂದರು. ಬಂದವರು ರಸ್ತೆಯಲ್ಲಿ ನಿಂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಅವರಿಬ್ಬರನ್ನು ನೋಡಿದರು.

ಆ ಊರಿನವರು ಅವಳನ್ನು ನೋಡಲು ಕತ್ತೆತ್ತಬೇಕಾಗಿ ಬಂದದ್ದು ಅದೇ ಮೊದಲು.